ಎರಡು ಗುಳಿ

ಬೆಳಿಗ್ಗೆ ಐದೂಮುಕ್ಕಾಲಿಗೆ ಜೆಪ್ಪುವಿನಿಂದ ಹೊರಡುತ್ತೇನೆ.
ಹ್ಯಾಂಡಲಿಗೆ ಐಸ್ ಪೆಟ್ಟಿಗೆ, ಒಳಗೆ ಖಾಲಿ ಟ್ಯೂಬುಗಳು,
ನೇರಳೆ ಮುಚ್ಚಳ, ಬೂದು ಮುಚ್ಚಳ, ಒಂದೆರಡು ಕೆಂಪು.
ಚಾ ಕುಡಿಯದೆ ಕಾದು ಕೂತ ಸಕ್ಕರೆಯವರು
ನನ್ನ ಬೆಲ್ಲು ಕೇಳಿ ತೋಳು ಸರಿಸಿಕೊಂಡೇ ಬಾಗಿಲು ತೆಗೆಯುತ್ತಾರೆ.
ರಕ್ತದ ಬಾಯಿ ಬಂತು, ಎನ್ನುತ್ತವೆ ಮಕ್ಕಳು.
ಇರಲಿ. ಬಾಯಿ ಅಂದರೆ ನಮ್ಮಲ್ಲಿ ಮರ್ಯಾದೆಯೇ.

ನರ ಹುಡುಕುವುದು ನನಗೆ ಕಷ್ಟವಲ್ಲ.
ವಾಸಂತಿ ಟೀಚರ ದಪ್ಪ ಕೈಯಲ್ಲೂ ಒಂದೇ ಚುಚ್ಚಿಗೆ ಸಿಗುತ್ತದೆ.
ಕಷ್ಟ ಸೀಟಿನದು.
ಹದಿನಾಲ್ಕು ಮನೆ, ಹನ್ನೊಂದು ಕಿಲೋಮೀಟರು, ಮೂರು ಏರು.
ಮೂರನೆಯದಕ್ಕೆ ಬರುವಾಗ
ಬಾಯಲ್ಲಿ ಹೇಳಬಾರದ ಜಾಗವೊಂದು
ಎಲ್ಲ ಹೇಳತೊಡಗುತ್ತದೆ.

ಹೆಸರು ಇಲ್ಲದೆ ಅಲ್ಲ.
ತುಳುವಿನಲ್ಲಿ ಬೈಗುಳಕ್ಕೆ ಉಂಟು, ಕೊಂಕಣಿಯಲ್ಲಿ ತಮಾಷೆಗೆ ಉಂಟು,
ಆಸ್ಪತ್ರೆಯ ಚಾರ್ಟಿನಲ್ಲಿ ಲ್ಯಾಟಿನ್ ಉಂಟು.
ಸೈಕಲಂಗಡಿಯವನ ಎದುರು ನಿಂತು ಹೇಳಲಿಕ್ಕೆ ಮಾತ್ರ
ಯಾವ ಭಾಷೆಯಲ್ಲೂ ಇಲ್ಲ.
ಹಾಗಾಗಿ, ಸೀಟು ಸ್ವಲ್ಪ ಸರಿ ಇಲ್ಲ, ಎಂದೆ.
ಎರಡು ವರ್ಷ ಅದನ್ನೇ ಎಂದೆ.

ಮೊದಲು ಬಂದದ್ದು ಅಗಲದ್ದು, ಸೋಫಾದಂಥದ್ದು.
ಕೂತರೆ ಆಹಾ. ತುಳಿದರೆ ತೊಡೆ ಎರಡಕ್ಕೂ ಅದರೊಂದಿಗೆ ಜಗಳ.
ಆಮೇಲೆ ಜೆಲ್ಲಿನದು, ಹಂಪನಕಟ್ಟೆಯ ದೊಡ್ಡ ಅಂಗಡಿ, ಒಂಬೈನೂರು ರೂಪಾಯಿ.
ಹುಡುಗ ಹೆಬ್ಬೆರಳಲ್ಲಿ ಒತ್ತಿ ತೋರಿಸಿದ: ನೋಡಿ, ಎಷ್ಟು ಮೆತ್ತಗೆ.
ನಾನು ಕೂರುವುದು ಹೆಬ್ಬೆರಳಿನಲ್ಲಿ ಅಲ್ಲವಲ್ಲ ಮಾರಾಯ.
ಜೂನಿನಲ್ಲಿ ಅದು ನೀರು ಕುಡಿಯಿತು, ಅಕ್ಟೋಬರಿನವರೆಗೆ ಕಾರಿತು,
ಪ್ರತಿ ಮನೆಯ ಕುರ್ಚಿಯ ಮೇಲೂ ನನ್ನದೊಂದು ಒದ್ದೆ ಸಹಿ.
ನಾದಿನಿ ಫ್ಲೇವಿ ಹಳೆ ಸ್ವೆಟರು ಸುತ್ತಿಕೊಟ್ಟಳು.
ಅದು ಅತ್ತಾವರದ ಇಳಿಜಾರಿನಲ್ಲಿ ಜಾರಿ
ಹಿಂದೆ ಬಂದ ಬಸ್ಸಿನ ಪಾಲಾಯಿತು.
ಒಂದು ತಿಂಗಳು ನಿಂತೇ ತುಳಿದೆ.
ಪಂದ್ಯಕ್ಕೆ ಹೊರಟವಳೆಂದು ಪೇಪರಿನ ಹುಡುಗ ಕೈ ಬೀಸಿದ.

ಬೋಳಾರದಲ್ಲಿ ಚೆಯ್ಯಬ್ಬ ಒಮ್ಮೆ
ಬ್ರೇಕ್ ಬಿಗಿ ಮಾಡುತ್ತಾ, ತಲೆ ಎತ್ತದೆ,
ಚಕ್ರದ ಕಡ್ಡಿಗಳಿಗೆ ಹೇಳುವ ಹಾಗೆ ಹೇಳಿದರು:
"ಬಾಯಿ, ತಪ್ಪು ತಿಳಿಯಬೇಡಿ.
ಮೆತ್ತಗೆ ಕೇಳುವುದು ಮಾಂಸ. ಕೂರುವುದು ಎಲುಬು."
ಬಿಸ್ಕತ್ತಿನ ಪೆಟ್ಟಿಗೆ ಹರಿದು ಒಂದು ತುಂಡು ರಟ್ಟು ಕೊಟ್ಟರು.
"ಗಟ್ಟಿ ಬೆಂಚಿನಲ್ಲಿ ಇದನ್ನು ಇಟ್ಟು ಕೂರಿ,
ಒಂದು ಚಾ ಕುಡಿಯುವಷ್ಟು ಹೊತ್ತು. ನಾಳೆ ತನ್ನಿ."
ಕಿವಿ ಕೆಂಪಾಗಿಸಿಕೊಂಡು ಬೇಕಾದ್ದಕ್ಕಿಂತ ಜೋರಾಗಿ ವಯರು ಎಳೆದರು.

ಆ ರಾತ್ರಿ ತೇರ್ಸ್ ಮುಗಿದು ಎಲ್ಲರೂ ಮಲಗಿದ ಮೇಲೆ
ರಟ್ಟಿನ ಮೇಲೆ ಕೂತೆ,
ಕಾವಿಗೆ ಕೂತ ಕೋಳಿಯಷ್ಟು ಗಂಭೀರವಾಗಿ.
ಎದ್ದು ಟಾರ್ಚು ಬಿಟ್ಟೆ, ಏನೂ ಕಾಣಲಿಲ್ಲ.
ಬೆರಳು ಆಡಿಸಿದೆ, ನರ ಹುಡುಕುವ ಹಾಗೆ.
ಎರಡು ಗುಳಿ.
ಐವತ್ತೊಂದು ವರ್ಷ ನನ್ನನ್ನು ಹೊತ್ತು ಕೂತ ಇಬ್ಬರು
ಈಗ ಪರಿಚಯವಾದರು.

ಚೆಯ್ಯಬ್ಬ ಸ್ಕೇಲು ಇಟ್ಟರು. ಹದಿಮೂರು, ಮೇಲೆ ಎರಡು ಗೆರೆ.
ಅಟ್ಟದಿಂದ ಒಂದು ಚರ್ಮದ ಸೀಟು ಇಳಿಸಿದರು,
ಮರದ ಹಾಗೆ ಗಟ್ಟಿ, ಮೂಗು ಗಿಡ್ಡ,
ಯಾರೋ ವರ್ಷಗಟ್ಟಲೆ ಕೂತು ಬಿಟ್ಟುಹೋದ ತಗ್ಗು.
"ಕಾಸಿಯಾದ ಹೆರಿಗೆ ನರ್ಸಮ್ಮನದ್ದು. ಸೈಕಲು ಗುಜರಿಗೆ ಹೋಯಿತು.
ಇದನ್ನು ಕೊಡಲಿಕ್ಕೆ ಮನಸ್ಸಾಗಲಿಲ್ಲ."
ರಟ್ಟು ಅದರ ಮೇಲೆ ಇಟ್ಟು ನೋಡಿದರು.
ಎಡಗಡೆ ಒಂದು ನೂಲು ವ್ಯತ್ಯಾಸ.
"ಅದು ನಿಮಗೆ ಬಿಟ್ಟದ್ದು."

ಮೊದಲ ವಾರ ಬೈದೆ. ಎಣ್ಣೆ ಹಚ್ಚಿದೆ, ಮತ್ತೂ ಬೈದೆ.
ಮೂಗು ಒಂದು ಕೂದಲೆಳೆಯಷ್ಟು ತಗ್ಗಿಸಿಕೊಂಡೆ.
ಆಮೇಲೆ ಯಾವಾಗ ಬೈಯುವುದು ನಿಂತಿತೋ.

ಮಹಾಕಾಳಿ ಪಡ್ಪುವಿನ ರೈಲು ಗೇಟು
ಬೀಳಲಿ ದೇವರೇ ಎಂದು ಬೇಡುತ್ತಿದ್ದೆ ಮೊದಲು,
ಇಳಿದು ನಿಲ್ಲಲು ಒಂದು ನೆಪ.
ಇವತ್ತು ಬಿತ್ತು. ಗೂಡ್ಸು.
ಮೀನಿನ ರಿಕ್ಷಾದಿಂದ ನೀರು ತೊಟ್ಟಿಕ್ಕುತ್ತಿತ್ತು,
ಪೆಟ್ಟಿಗೆಯಲ್ಲಿ ಹನ್ನೆರಡು ಜನರ ರಕ್ತ ತಣ್ಣಗೆ ಕೂತಿತ್ತು.
ನಾನು ಡಬ್ಬಿ ಎಣಿಸುತ್ತಾ ಇದ್ದೆ.
ಮೂವತ್ತನಾಲ್ಕನೆಯದು ದಾಟುವಾಗ ನೋಡುತ್ತೇನೆ,
ಇಳಿದೇ ಇಲ್ಲ.
ಒಂದು ಕಾಲಿನ ಹೆಬ್ಬೆರಳು ಮಾತ್ರ ನೆಲದಲ್ಲಿ.
ಎಣಿಕೆ ಅಲ್ಲಿಗೇ ತಪ್ಪಿತು.